ಹಳೇ ಆಂಪ್ಲಿಫೈಯರ್ ಗುಜರಿಗೆ ಹಾಕುವ ಮುಂಚೆ

ಗಣಪತಿ ಹಬ್ಬ ಬಂದರೆ ಸಾಕು, ಯುವಕ ಸಂಘಗಳಲ್ಲಿ ಒಂದೇ ಮಾತು: ಹಳೇ ಆಂಪ್ಲಿಫೈಯರ್ ಗುಜರಿಗೆ ಹಾಕಿ, ಚಂದಾ ದುಡ್ಡಲ್ಲಿ ಹೊಸದು ತರೋಣ. ಬೇಡ ಅನ್ನುತ್ತೇವೆ ನಾವು.

ಹೊಸ ಡಬ್ಬದ ಮೇಲೆ 5000 ವ್ಯಾಟ್ ಪಿಎಂಪಿಒ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಹಿಂದೆ ತಿರುಗಿಸಿ ನೋಡಿ, ಅದು ಎಳೆಯುವ ಕರೆಂಟೇ 100 ವ್ಯಾಟ್! ಉಳಿದ ಸದ್ದು ಎಲ್ಲಿಂದ ಬರುತ್ತದೆ ಸ್ವಾಮಿ? ಪಿಎಂಪಿಒಗೆ ಒಪ್ಪಿತ ಅಳತೆಯೇ ಇಲ್ಲ. ಆರ್‌ಎಂಎಸ್ ಎಷ್ಟು ಅಂತ ಕೇಳಿ. ಅಂಗಡಿಯವರು ತಡವರಿಸಿದರೆ ಎದ್ದು ಬನ್ನಿ.

ಎಷ್ಟೋ ಹಳೇ ಸೆಟ್‌ಗಳಲ್ಲಿರುವುದು 2ಎನ್3055 ಟ್ರಾನ್ಸಿಸ್ಟರ್. ಸುಟ್ಟರೆ ಅದೊಂದನ್ನೇ ಬದಲಿಸಬಹುದು, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಇವತ್ತಿಗೂ ಸಿಗುತ್ತದೆ. ಅಗ್ಗದ ಹೊಸ ಸೆಟ್‌ನಲ್ಲಿ ಒಂದು ಚಿಪ್ ಹೋದರೆ ಇಡೀ ಬೋರ್ಡ್ ಹಾಕಿಸಿ ಅನ್ನುತ್ತಾರೆ. ನಮ್ಮಲ್ಲೊಬ್ಬರ ಊರಲ್ಲಿ ಹಾಗೇ ಆಯಿತು. ಬೋರ್ಡ್ ಬರುವಷ್ಟರಲ್ಲಿ ಗಣಪತಿ ಬಿಟ್ಟಾಗಿತ್ತು.

ಹಾಗಂತ ಹಳೇದೆಲ್ಲ ಚಿನ್ನವಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅರ್ಧ ಗಂಟೆ ಓಡಿಸಿ. ಹಾಡು ನಿಲ್ಲಿಸಿದರೂ ಗುಂಯ್ ಅನ್ನುತ್ತಿದ್ದರೆ ಕೆಪಾಸಿಟರ್ ಒಣಗಿರಬಹುದು, ಸಣ್ಣ ಖರ್ಚು. ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬಂದರೆ ಮಾತ್ರ ಅಲ್ಲೇ ಬಿಟ್ಟು ಬನ್ನಿ. ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೇ ಇರಲಿ. ಪ್ಲಗ್ ಕಿತ್ತ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.