ನಮ್ಮ ಮಾಳಿಗೆಗೆ ನಮ್ಮ ಸುಣ್ಣ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಬಂಧುಗಳೇ,

ಹವಾಮಾನ ಬದಲಾವಣೆ ಅಂದರೆ ಕಡಲ ದಂಡೆಯವರ ತಾಪತ್ರಯ ಅಂತ ನಾವು ತಿಳಿದುಕೊಂಡಿದ್ದೇವೆ. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆ ಬಿದ್ದ ಸುದ್ದಿ ಟಿವಿಯಲ್ಲಿ ಬಂದರೆ ಅಯ್ಯೋ ಪಾಪ ಅಂದು ಫ್ಯಾನಿನ ಕೆಳಗೆ ಮಗ್ಗುಲು ಬದಲಿಸುತ್ತೇವೆ. ನಮಗೇನು ಕಡಲಿದೆಯೇ?

ಇತ್ತು. ನಾವು ಕುಂತಿರುವ ಫರಸಿಯೇ ಅದರ ತಳ. 50 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ, ಮೀನು ಕೂಡ ಹುಟ್ಟಿರದ ಕಾಲದಲ್ಲಿ, ಇಲ್ಲಿ ನಿಂತಿದ್ದ ನೀರಿನಡಿ ಪದರದ ಮೇಲೆ ಪದರವಾಗಿ ಕೂತ ಸುಣ್ಣವೇ ಇವತ್ತಿನ ಶಹಾಬಾದ್ ಕಲ್ಲು. ಉಳಿ ತಾಕಿದರೆ ಅದು ಹಾಳೆಹಾಳೆಯಾಗಿ ಏಳುವುದು ಅದಕ್ಕೇ. ಅದೇ ಜಾತಿಯ ಕಲ್ಲನ್ನು ವಾಡಿ, ಮಳಖೇಡ, ಸೇಡಂಗಳ ಕಾರ್ಖಾನೆಗಳು 1450 ಡಿಗ್ರಿಯ ಕುಲುಮೆಗೆ ಹಾಕಿ ಸಿಮೆಂಟ್ ಮಾಡುತ್ತವೆ. ಒಂದು ಟನ್ ಅಪ್ಪಟ ಸುಣ್ಣದಕಲ್ಲು ಬೆಂದು ಸುಣ್ಣವಾಗುವಷ್ಟರಲ್ಲಿ ಸುಮಾರು 440 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಉರಿಸಿದ ಕಲ್ಲಿದ್ದಲಿನ ಲೆಕ್ಕ ಬೇರೆ. ಜಗತ್ತೆಲ್ಲ ಸೇರಿ ಉಗುಳುವ ಈ ಅನಿಲದಲ್ಲಿ ಸಿಮೆಂಟಿನದೇ ಶೇ 7-8ರಷ್ಟು ಪಾಲು. ಹಳೆಯ ಕಡಲನ್ನು ಇಲ್ಲಿ ಸುಟ್ಟು ಆಕಾಶಕ್ಕೆ ಏರಿಸುತ್ತಿದ್ದೇವೆ. ಆ ಅನಿಲದ ಕಾವಿಗೆ ಅತ್ತ ಉಳ್ಳಾಲದಲ್ಲಿ ಈಗಿನ ಕಡಲು ಏರುತ್ತಿದೆ.

ಕಾರ್ಖಾನೆ ಮುಚ್ಚಿ ಎನ್ನುತ್ತಿಲ್ಲ. ಶಹಾಬಾದಿನ ಹಳೇ ಸಿಮೆಂಟ್ ಕಾರ್ಖಾನೆ ನಿಂತ ಮೇಲೆ ಊರಿನ ಮುಖ ಹೇಗೆ ಬಾಡಿತು ಎಂಬುದನ್ನು ಕಂಡವರು ನಾವು. ಕೇಳುವುದು ಇಷ್ಟೇ: ಬೆಂಕಿ ನಮ್ಮ ಅಂಗಳದಲ್ಲಿ ಉರಿಯುತ್ತಿರುವಾಗ ನಮ್ಮ ಮಕ್ಕಳ ತಲೆಯ ಮೇಲೊಂದು ನೆರಳು ಯಾಕಿಲ್ಲ?

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಒಳ್ಳೆಯದೇ. ಇಲ್ಲಿನ ಮಧ್ಯಾಹ್ನದ ಬಿಸಿಲು ಮನುಷ್ಯರ ಮೈಗೆ ಆಗಿಬರುವುದಿಲ್ಲ ಅಂತ ಸರ್ಕಾರವೇ ಒಪ್ಪಿದ ಹಾಗಾಯಿತು. ಹಾಗಾದರೆ ಫರಸಿ ಗಣಿಗೆ ಇಳಿದವನ ಮೈ ಯಾವುದರಿಂದ ಮಾಡಿದ್ದು? ಗಣಿಯ ಬಿಸಿಲು ಊರ ಬಿಸಿಲಿನಂಥದಲ್ಲ. ಮೇಲಿಂದ ಬಿದ್ದದ್ದು ಕಲ್ಲಿಗೆ ಬಡಿದು ಕೆಳಗಿನಿಂದಲೂ ಏಳುತ್ತದೆ, ಗಾಳಿ ಒಳಗೆ ಬರುವುದಿಲ್ಲ, ತಂದ ನೀರು ಹನ್ನೊಂದಕ್ಕೇ ಕಾದಿರುತ್ತದೆ. ಫರಸಿಯ ಮೇಲೆ ಕೂಲಿ, ತುಂಡಿನ ಮೇಲೆ ಲೆಕ್ಕ, ನಿಂತರೆ ರೊಕ್ಕವಿಲ್ಲ. ಗುತ್ತಿಗೆದಾರರೇ, ಬೇಸಿಗೆಯ ಎರಡು ತಿಂಗಳು ನಿಮ್ಮ ಹಾಜರಿ ಪುಸ್ತಕಕ್ಕೂ ಸರ್ಕಾರಿ ಗಡಿಯಾರ ಹಚ್ಚಿ. ಕೂಲಿ ಕಡಿಯಬೇಡಿ.

ಇನ್ನು ಮನೆ. ನಮ್ಮ ಅಜ್ಜಂದಿರು ದಪ್ಪ ಗೋಡೆ ಎಬ್ಬಿಸಿ, ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆಗಳಲ್ಲಿ ಮಧ್ಯಾಹ್ನ ಕಳೆದರು. ನಾವು ಸುಧಾರಿಸಿದೆವು, ತಗಡಿನ ಪತ್ರಾ ಹೊದಿಸಿದೆವು. ಈಗ ರಾತ್ರಿ ಹತ್ತಕ್ಕೂ ಒಳಗೆ ಕೂಡಲಾಗದೆ ಬೀದಿಯಲ್ಲಿ ಹೊರಸು ಹಾಕುತ್ತೇವೆ. ಇದಕ್ಕೆ ದಾರಿ ಹುಡುಕಿದ ಊರೊಂದಿದೆ. 2010ರ ಮೇ ತಿಂಗಳ ಬಿಸಿಲಿಗೆ ಅಹಮದಾಬಾದಿನಲ್ಲಿ ಜನ ಸತ್ತರು. ಆ ನಗರ 2013ರಲ್ಲಿ ದಕ್ಷಿಣ ಏಷ್ಯಾದಲ್ಲೇ ಮೊದಲನೆಯದಾದ, ಬಿಸಿಲನ್ನು ಎದುರಿಸುವ ಯೋಜನೆ ಮಾಡಿಕೊಂಡಿತು: ಮುಂಚಿತ ಎಚ್ಚರಿಕೆ, ಸಿದ್ಧವಿರುವ ಆಸ್ಪತ್ರೆ, ಕುಡಿಯುವ ನೀರು. ಆಮೇಲೆ ಬಡವರ ಮನೆಗಳ ಮಾಳಿಗೆಗೆ ಸುಣ್ಣ. ಹೌದು, ಬರೀ ಸುಣ್ಣ. ಬಿಳಿ ಮಾಳಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕೆಳಗಿನ ಕೋಣೆ ಒಂದೆರಡು ಡಿಗ್ರಿ ಇಳಿಯುತ್ತದೆ. ಸುಣ್ಣದ ಮೇಲೇ ಕೂತು, ಸುಣ್ಣವನ್ನೇ ದೇಶಕ್ಕೆಲ್ಲ ಮಾರುವ ಊರಿನವರು ನಾವು. ನಮ್ಮ ಮಾಳಿಗೆಗಳು ಮಾತ್ರ ಧೂಳು ಕೂತು ಬೂದಿಬಣ್ಣಕ್ಕೆ ತಿರುಗಿವೆ.

ಬಿಸಿಲು ಹೋದರೆ ನೀರು. 2006ರ ಆಗಸ್ಟಿನಲ್ಲಿ ಸೂರತ್ ನಗರ ಮುಳುಗಿತು. ಅದು ಕಡಲ ಮಗ್ಗುಲಿನ ಊರು, ಆದರೆ ಮುಳುಗಿಸಿದ್ದು ಕಡಲಲ್ಲ. ಮೇಲಿನ ಉಕಾಯಿ ಅಣೆಕಟ್ಟಿನಿಂದ ಬಂದ ತಾಪಿ ನದಿಯ ನೀರು. ಆ ಪೆಟ್ಟು ತಿಂದ ಮೇಲೆ ಅಲ್ಲಿಯವರು ಮಳೆ, ಅಣೆಕಟ್ಟು, ನಗರ ಮೂರನ್ನೂ ಜೋಡಿಸುವ ಮುನ್ಸೂಚನೆಯ ವ್ಯವಸ್ಥೆ ಕಟ್ಟಿಕೊಂಡರು. ನಮ್ಮ ಕಾಗಿಣಾ ಕೂಡ ಮೇಲಿನಿಂದಲೇ ಬರುತ್ತಾಳೆ, ತೆಲಂಗಾಣದ ತಾಂಡೂರನ್ನು ದಾಟಿ. ಅಲ್ಲಿ ರಾತ್ರಿಯಿಡೀ ಮಳೆ ಹೊಡೆದದ್ದು ನಮಗೆ ಗೊತ್ತಾಗುವುದು ಮಳಖೇಡದ ಸೇತುವೆ ಮುಳುಗಿ ಬಸ್ಸು ನಿಂತಾಗ. 2020ರ ಅಕ್ಟೋಬರಿನಲ್ಲಿ ನದಿ ಮಳಖೇಡದ ಉತ್ತರಾದಿ ಮಠದೊಳಗೇ ನುಗ್ಗಿತು. 2025ರ ಸೆಪ್ಟೆಂಬರಿನಲ್ಲಿ ಭೀಮೆ, ಕಾಗಿಣಾ ಎರಡೂ ಉಕ್ಕಿ, ಹೊಲದಲ್ಲಿ ನೀರು ನಿಂತು ತೊಗರಿ ಕೊಳೆಯಿತು. ತಾಂಡೂರಿನ ಮಳೆಯ ಸುದ್ದಿ ಸೇಡಂ, ಚಿತ್ತಾಪುರದ ಹಳ್ಳಿಗಳಿಗೆ ನೀರಿಗಿಂತ ಮೊದಲು ಮುಟ್ಟಬೇಕು. ರಾಜ್ಯದ ಗಡಿ ಇದೆ ಅಂತ ಫೋನು ನಿಲ್ಲುವುದಿಲ್ಲ.

ಚಿಂಚೋಳಿಯವರಿಗೆ ಒಂದು ಮಾತು. 2011ರಲ್ಲಿ ವನ್ಯಧಾಮವಾದ ನಿಮ್ಮ ಕಾಡು ಬರೀ ನಿಮ್ಮದಲ್ಲ. ಬಿದ್ದ ಮಳೆಯನ್ನು ಹಿಡಿದು ನಿಧಾನವಾಗಿ ಕೆಳಗೆ ಬಿಡುವ ಕಾಡು ಈ ಬಯಲಿನಲ್ಲಿ ಅದೊಂದೇ ಉಳಿದಿದೆ. ಅಲ್ಲಿ ಬಿದ್ದ ಒಂದೊಂದು ಕೊಡಲಿ ಏಟಿನ ಬೆಲೆಯನ್ನು ಕೆಳಗಿನವರು ತೆರುತ್ತಾರೆ.

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ಮನೆಯ ಹಿಂದಿನ ನಾಲಾಕ್ಕೆ ಮೊರಂ ಸುರಿದು ಅಂಗಳ ಹಿಗ್ಗಿಸಿಕೊಂಡವರಲ್ಲಿ ನಾನೂ ಒಬ್ಬ. ಹಳ್ಳದ ದಾರಿಯಲ್ಲಿ ಪ್ಲಾಟು ಹಾಕಿದವನು ಯಾರೋ ಇರಬಹುದು, ಕೊಂಡವರು ನಾವೇ. ಕಲ್ಲು ತೆಗೆದು ಬಿಟ್ಟ ಹಳೇ ಗಣಿಗಳನ್ನು ಬೇಲಿ ಹಾಕಿ, ಹಳ್ಳ ತಿರುಗಿಸಿ ಕೆರೆ ಮಾಡಬಹುದಿತ್ತು. ಕಸ ಸುರಿಯುವ ತಗ್ಗು ಮಾಡಿದೆವು.

ದುಡ್ಡಿಲ್ಲ ಅಂದವರ ಮಾತು ನಂಬಬೇಡಿ. 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನ ಇರುವುದೇ ಗಣಿಯಿಂದ ತೊಂದರೆಗೆ ಸಿಕ್ಕ ಜನರಿಗಾಗಿ; ಕುಡಿಯುವ ನೀರು, ಆರೋಗ್ಯ, ಪರಿಸರಕ್ಕೆ ಅದರ ಹಣ ಮೊದಲು ಹೋಗಬೇಕು. ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನು 2013ರಲ್ಲೇ ಆಗಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಲಬುರಗಿಯಲ್ಲೇ ಕೂತಿದೆ. ನಮ್ಮ ನಗರಸಭೆ, ಪುರಸಭೆಗಳು ಬಜೆಟ್ಟಿಗೆ ಮುಂಚೆ ಜನರ ಸಭೆ ಕರೆಯುತ್ತವಲ್ಲ, ಅಲ್ಲಿಗೆ ಹೋಗಿ. ಸ್ವಾಗತ ಕಮಾನು ಕೇಳಬೇಡಿ. ನಮ್ಮ ವಾರ್ಡಿನ ಪತ್ರಾ ಮನೆಗಳೆಷ್ಟು, ಬಿಸಿಲು ಬಡಿದವರನ್ನು ಮಲಗಿಸುವ ತಂಪು ಕೋಣೆ ಎಲ್ಲಿದೆ ಅಂತ ಕೇಳಿ. ಉತ್ತರ ಬರುವ ತನಕ ಕುರ್ಚಿ ಬಿಟ್ಟು ಏಳಬೇಡಿ.

ಅಷ್ಟರಲ್ಲಿ ಯುಗಾದಿ ಬರುತ್ತದೆ. ಮನೆಗೆ ಸುಣ್ಣ ಹಚ್ಚುವ ರೂಢಿ ನಮಗಿದ್ದೇ ಇದೆ. ಈ ಸಲ ಗೋಡೆ ಮುಗಿದ ಮೇಲೆ ಏಣಿ ಎತ್ತಿಡಬೇಡಿ. ಇನ್ನೊಂದು ಬಕೆಟ್ ಕಲಸಿಕೊಂಡು ಮಾಳಿಗೆ ಹತ್ತಿ. ಉಳಿದದ್ದನ್ನು ಪಕ್ಕದ ಮನೆಯ ಆಯಿಯ ಪತ್ರಾಕ್ಕೆ ಬಳಿದುಬಿಡಿ. ಆಕೆ ಏಣಿ ಹತ್ತಲಾರಳು.