ಬಯಲುಸೀಮೆಯ ಅಂಗಳಕ್ಕೆ ಯಾರ ನೀರು?

ನಗರಗಳ ಕಲ್ಯಾಣಮಂಟಪ, ಹೋಟೆಲು, ಹೊಸ ಬಡಾವಣೆಗಳ ಹೆಬ್ಬಾಗಿಲಲ್ಲಿ ಬೀಸಣಿಗೆಯಂತೆ ಎಲೆ ಹರಡಿ ನಿಂತ ಎತ್ತರದ ಗಿಡವನ್ನು ಹಲವರು ನೋಡಿರುತ್ತಾರೆ. ನರ್ಸರಿಯವರು ಅದನ್ನು ‘ಟ್ರಾವೆಲರ್ಸ್ ಪಾಮ್’ ಎಂದು ಮಾರುತ್ತಾರೆ. ಹೆಸರಿನಲ್ಲಿ ಪಾಮ್ ಇದ್ದರೂ ಅದು ತೆಂಗು, ಅಡಿಕೆಗಳ ಕುಲಕ್ಕೆ ಸೇರಿದ್ದಲ್ಲ. ಬಾಳೆಗೆ ಹತ್ತಿರದ ನೆಂಟ. ಅದರ ತವರು ಮಡಗಾಸ್ಕರ್ ದ್ವೀಪ, ಅದರಲ್ಲಿಯೂ ಮಳೆ ಧಾರಾಳವಾಗಿ ಸುರಿಯುವ ಪೂರ್ವಭಾಗ. ಎಲೆಬುಡದ ದೋಣಿಗಳಲ್ಲಿ ಮಳೆನೀರು ನಿಲ್ಲುವುದರಿಂದ, ದಾರಿಹೋಕರ ದಾಹ ತಣಿಸುವ ಗಿಡವೆಂಬ ಖ್ಯಾತಿ ಅದಕ್ಕೆ ಬಂದಿದೆ. ಚಳ್ಳಕೆರೆ, ಮೊಳಕಾಲ್ಮುರುಗಳ ನೆಲದಲ್ಲಿ ನೆಟ್ಟರೆ ಮಾತ್ರ ದಾಹ ಗಿಡದ್ದೇ ಆಗುತ್ತದೆ.

ಈ ಎರಡು ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿ.ಮೀ. ಆಸುಪಾಸು. ಬಿಸಿಲು, ಗಾಳಿಗಳು ನೆಲದಿಂದ ಹೀರಬಲ್ಲ ನೀರು ಇದರ ಹಲವು ಪಟ್ಟು. ಇಲ್ಲಿನ ಮರಗಳು ಇದನ್ನು ಅರಿತೇ ಎಲೆಯನ್ನು ಕಿರಿದಾಗಿಸಿಕೊಂಡಿವೆ, ಬೇಸಿಗೆಯಲ್ಲಿ ಉದುರಿಸುತ್ತವೆ, ಇಲ್ಲವೇ ಮುಳ್ಳಾಗಿಸಿಕೊಂಡಿವೆ. ಮಡಗಾಸ್ಕರಿನ ಅತಿಥಿಗೆ ಈ ಯಾವ ವಿದ್ಯೆಯೂ ತಿಳಿಯದು. ಒಣಗಾಳಿಗೆ ಅದರ ಅಗಲವಾದ ಎಲೆ ಬಾಳೆಲೆಯಂತೆಯೇ ಸೀಳಿ, ಅಂಚು ಸುಟ್ಟು, ಜೋಲುತ್ತದೆ. ಅದನ್ನು ಚೆಂದವಾಗಿ ಉಳಿಸಿಕೊಳ್ಳಬೇಕಾದರೆ ಗಾಳಿಗೆ ಮರೆಯಿರುವ ಜಾಗ, ಕೆರೆಗೋಡು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿದ ಗುಂಡಿ, ಬುಡಕ್ಕೆ ದಪ್ಪ ಸೊಪ್ಪಿನ ಹೊದಿಕೆ, ಎಳೆಯ ಗಿಡಕ್ಕೆ ನೆರಳು, ಬೇಸಿಗೆಯುದ್ದಕ್ಕೂ ತಪ್ಪದ ನೀರು ಬೇಕು. ಇಷ್ಟೆಲ್ಲ ಮಾಡಿದರೆ ಗಿಡ ಬೆಳೆಯುತ್ತದೆ. ತೋಟಗಾರಿಕೆಯ ದೃಷ್ಟಿಯಿಂದ ಅಸಾಧ್ಯವೇನಲ್ಲ. ಆದರೆ ಆ ನೀರು ಎಲ್ಲಿಂದ ಬರಬೇಕು?

ಮಲೆನಾಡಿನವರು ಈ ಪ್ರಶ್ನೆಗೆ ಕಿವಿಗೊಡಬೇಕಾದುದು ಇಲ್ಲಿಯೇ. ಆ ಸೀಮೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಆದ್ದರಿಂದ ಚಳ್ಳಕೆರೆ, ಮೊಳಕಾಲ್ಮುರುಗಳ ಹಳ್ಳಿಗಳಿಗೆ ಕುಡಿಯುವ ನೀರನ್ನು ತುಂಗಭದ್ರಾ ಹಿನ್ನೀರಿನಿಂದ ತರುವ ಯೋಜನೆ ರೂಪುಗೊಂಡಿತು. ಕೃಷಿಗಾಗಿ ಭದ್ರಾ ಮೇಲ್ದಂಡೆ ಯೋಜನೆ ಇದೆ: ತುಂಗೆಯಿಂದ 17.4 ಟಿ.ಎಂ.ಸಿ. ಅಡಿ ನೀರನ್ನು ಭದ್ರೆಗೆ ಎತ್ತಿ, ಭದ್ರೆಯಿಂದ 29.9 ಟಿ.ಎಂ.ಸಿ. ಅಡಿ ನೀರನ್ನು ಬಯಲಿಗೆ ಸಾಗಿಸಿ, 2,25,515 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವ ಮತ್ತು 367 ಕೆರೆಗಳನ್ನು ಅರ್ಧದಷ್ಟು ತುಂಬಿಸುವ ಲೆಕ್ಕ ಅದರದು. 2023ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಕೆರೆಗಳ ಪಾಲನ್ನು ಬದಿಗಿಟ್ಟು ಅಷ್ಟೂ ನೀರನ್ನು ಆ ಹೊಲಗಳ ಮೇಲೆ ಸಮನಾಗಿ ಹರಡಿದರೂ ನಿಲ್ಲುವುದು ಸುಮಾರು 375 ಮಿ.ಮೀ.; ಮೊಣಕಾಲಿಗೂ ಬಾರದು. ಗಂಗಾಮೂಲದ ಶೋಲಾ ಕಾಡಿನ ತಪ್ಪಲಲ್ಲಿ ಹುಟ್ಟಿದ ನೀರನ್ನು ಪಂಪು, ಸುರಂಗ, ಕಾಲುವೆಗಳಲ್ಲಿ ಇಷ್ಟು ದೂರ ಹೊರುವುದು ಕುಡಿಯುವ ಬಾಯಿಗೆ, ಶೇಂಗಾ ಹೊಲಕ್ಕೆ, ಬತ್ತಿದ ಕೆರೆಗೆ ಎಂಬ ನಂಬಿಕೆಯ ಮೇಲೆ.

ಮಲೆನಾಡಿನ ಅಡಿಕೆ ಈಗಾಗಲೇ ಚಿತ್ರದುರ್ಗ ಜಿಲ್ಲೆಯ ಬಯಲಿಗೆ ಇಳಿದಿದೆ. ಅದರ ಮುಂದೆ ಒಂದೆರಡು ಅಲಂಕಾರದ ಗಿಡಗಳು ಕುಡಿಯುವ ನೀರು ಎಷ್ಟರದು ಎಂದು ಕೇಳುವವರಿದ್ದಾರೆ. ಮಾತು ನ್ಯಾಯವಾದುದೇ. ಮನೆಯಂಗಳದ ಒಂದು ಗಿಡಕ್ಕೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹರಿಸಿ ಸಾಕುವವರನ್ನು ಯಾರೂ ಆಕ್ಷೇಪಿಸಬೇಕಿಲ್ಲ. ಆಕ್ಷೇಪ ಇರಬೇಕಾದುದು ಸಾಲುಸಾಲಾಗಿ ನೆಡುವ ಬಡಾವಣೆಗಳಿಗೆ, ಸಂಸ್ಥೆಗಳಿಗೆ. ಅಲ್ಲಿ ಆಯ್ಕೆಯಾಗುವ ಗಿಡವೇ ಊರಿಗೆ ಮಾದರಿಯಾಗುತ್ತದೆ. ಹಸಿರೆಂದರೆ ಅಗಲ ಎಲೆ, ಒದ್ದೆ ನೆಲ ಎಂಬ ಪಾಠ ಮಕ್ಕಳ ಮನಸ್ಸಿಗೆ ಇಳಿಯುತ್ತದೆ. ಆಮೇಲೆ ಬೇವು, ಜಾಲಿ, ಹುಲ್ಲುಗಾವಲು ಅವರ ಕಣ್ಣಿಗೆ ಬಂಜರಾಗಿ ಕಾಣುತ್ತವೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ಹುಲ್ಲುಗಾವಲು ಕಳೆದ ದಶಕಗಳಲ್ಲಿ ಬೇರೆ ಉಪಯೋಗಗಳಿಗೆ ಹೋಗಲು ಈ ಬಂಜರೆಂಬ ಮಾತೂ ದಾರಿ ಮಾಡಿಕೊಟ್ಟಿತು.

ಬಯಲಿಗೆ ತನ್ನದೇ ಆದ ಚೆಲುವಿದೆ. ಅಲ್ಲಿನ ಕಾಡುಗೊಲ್ಲರು ಕ್ಯಾತೇದೇವರ ಜಾತ್ರೆಯಲ್ಲಿ ಬಾರೆಕಳ್ಳೆ ಮುಳ್ಳಿನಿಂದಲೇ ಗುಡಿ ಕಟ್ಟುತ್ತಾರೆ. ದೊಡ್ಡ ಗಾತ್ರದ, ನೋಡಲು ಗಂಭೀರವಾದ ಗಿಡವೇ ಬೇಕೆನ್ನುವವರಿಗೆ ಹಳ್ಳದ ದಂಡೆಯ ಈಚಲು, ಗರಿಯ ಬೀಸಣಿಗೆಯನ್ನೇ ಹಿಡಿದ ತಾಳೆ, ಬಾಗಿದ ತೆಳುರೆಂಬೆಗಳ ಕಮರ, ಬೇಸಿಗೆಯಲ್ಲಿ ಹಳದಿ ಗೊಂಚಲು ತೂಗುವ ಕಕ್ಕೆ, ಕೆಂಡದಂತೆ ಅರಳುವ ಮುತ್ತುಗ ಇವೆ. ಮೊದಲ ಎರಡು ಮೂರು ಬೇಸಿಗೆ ಬುಡಕ್ಕೆ ನೀರು ಕೊಟ್ಟರೆ ಆಮೇಲೆ ಇವು ಬಹುಮಟ್ಟಿಗೆ ಮಳೆಯನ್ನೇ ನಂಬಿ ಬಾಳುತ್ತವೆ.

ಮಲೆನಾಡಿನ ನರ್ಸರಿಗಳು ಬಯಲಿಗೆ ಸಸಿ ಕಳಿಸುವಾಗ ಅಲ್ಲಿನ ಮಳೆಯನ್ನು ವಿಚಾರಿಸಲಿ. ಶಾಲೆ ಕಾಲೇಜುಗಳ ಇಕೋ ಕ್ಲಬ್‌ಗಳು ಪ್ರತಿ ಗಿಡದ ಹೆಸರಿನ ಪಕ್ಕದಲ್ಲಿ ಅದಕ್ಕೆ ನೀರು ಬರುವ ಮೂಲವನ್ನೂ ಬರೆದಿಡಲಿ. ಕಾಡು ಉಳಿಸಿ ನದಿ ಹರಿಸುವವರಿಗೆ ಆ ನದಿಯ ನೀರು ಯಾವ ಬುಡಕ್ಕೆ ಬೀಳುತ್ತಿದೆ ಎಂದು ಕೇಳುವ ಹಕ್ಕಿದೆ. ಅದೇ ಪ್ರಶ್ನೆಯನ್ನು ತಮ್ಮ ಅಂಗಳದಲ್ಲಿಯೂ ಕೇಳಿಕೊಳ್ಳುವ ಹೊಣೆಯೂ ಇದೆ.