ಮನೆವಾರ್ತೆ: ಪುನರ್ಪುಳಿಯ ಹಣ್ಣು

ಕಳೆದ ವೈಶಾಖದಲ್ಲಿ ನಾವು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನಿಳಿದು ಬೆಳ್ತಂಗಡಿಗೆ ಹೋಗುವಾಗ, ಘಾಟಿಯ ಬುಡದಲ್ಲಿರುವ ಪರಿಚಿತರೊಬ್ಬರ ಮನೆಯಲ್ಲಿ ಒಂದು ಮಧ್ಯಾಹ್ನ ತಂಗಿದ್ದೆವು. ಮಲೆಯ ತಂಪನ್ನು ಬಿಟ್ಟು ತಿರುವುಗಳನ್ನು ಸುತ್ತಿ ಕೆಳಗಿಳಿದವರನ್ನು ಕರಾವಳಿಯ ಸೆಕೆಯು ಹೇಗೆ ಹಿಡಿಯುವುದೆಂಬುದನ್ನು ಆ ದಾರಿಯಲ್ಲಿ ನಡೆದವರೇ ಬಲ್ಲರು. ಜಗಲಿಯಲ್ಲಿ ಕುಳಿತೊಡನೆ ಮನೆಯ ಸೊಸೆಯು ಲೋಟದ ತುಂಬ ಕೆಂಪು ಶರಬತ್ತನ್ನು ತಂದಿತ್ತಳು. ಕುಡಿದು, ಕೈ ತೊಳೆಯಲೆಂದು ಹಿತ್ತಿಲಿಗೆ ಹೋದೆವು. ಬಾವಿಯ ಬಳಿ ಹಳೆಯದೊಂದು ಪುನರ್ಪುಳಿಯ ಮರ. ಅದರ ಬುಡದಲ್ಲಿ ನೂರಾರು ಹಣ್ಣುಗಳು ಬಿದ್ದು, ಒಡೆದು, ಇರುವೆ ಮುತ್ತಿ ಕೊಳೆಯುತ್ತಿದ್ದುವು. ನಾವು ಕುಡಿದ ಶರಬತ್ತಾದರೋ ಪೇಟೆಯಿಂದ ತಂದ ಸೀಸೆಯದಾಗಿತ್ತು.

ನಮ್ಮ ಮುಖವನ್ನು ನೋಡಿಯೇ ಮನೆಯ ಅಜ್ಜಿಯು, “ಮರ ನಮ್ಮದು, ಶರಬತ್ತು ಅಂಗಡಿಯದ್ದು ಮಾರಾಯ್ರೇ. ಈಗ ಹೀಗೇ ಆಗಿಹೋಯಿತು” ಎಂದರು. ಸೊಸೆಯು ಅದನ್ನು ಕೇಳಿ ಸುಮ್ಮನಿರಲಿಲ್ಲ. “ಹಣ್ಣು ಬಿಡಿಸಿದರೆ ಎರಡು ದಿನ ಕೈ ಉರಿ, ಅತ್ತೆ. ಮಳೆಗೆ ಮೊದಲು ಸೌದೆ ಒಳಗಾಗಬೇಕು, ಹಪ್ಪಳ ಆಗಬೇಕು. ಇದನ್ನು ಮಾಡುವವರು ಯಾರು?” ಎಂದಳು. ಇಬ್ಬರ ಮಾತೂ ನಿಜವೇ. ಆದುದರಿಂದ ಈ ತಿಂಗಳ ಮನೆವಾರ್ತೆಯಲ್ಲಿ ಈ ಹಣ್ಣಿನ ಗುಣವೇನು, ಅದರಿಂದ ಅಡಿಗೆಮನೆಗೆ ಆಗುವ ಉಪಯೋಗವೇನು, ಅದಕ್ಕಾಗಿ ಪಡುವ ಶ್ರಮವು ಸಾರ್ಥಕವೇ ಎಂಬುದನ್ನು ವಿಚಾರಿಸುವೆವು.

ಬಯಲುಸೀಮೆಯ ವಾಚಕರಲ್ಲಿ ಅನೇಕರು ಈ ಹಣ್ಣನ್ನು ಕಂಡಿರಲಾರರು. ಸಣ್ಣ ನಿಂಬೆಹಣ್ಣಿನಷ್ಟು ದಪ್ಪನಾಗಿ, ಬಲಿಯುವಾಗ ಕೆಂಪಗಾಗಿ, ಪೂರ್ಣ ಪಕ್ವವಾದಾಗ ಕಪ್ಪುಗೆಂಪು ಬಣ್ಣವನ್ನು ತಾಳುವುದು. ಒಳಗೆ ಹುಳಿಸಿಹಿಯಾದ ಬಿಳಿಯ ತಿರುಳಿನಲ್ಲಿ ಐದರಿಂದ ಎಂಟು ಬೀಜಗಳಿರುವುವು. ಮರವು ಸದಾ ಹಸುರಾಗಿ, ಕೊಂಬೆಗಳನ್ನು ಇಳಿಬಿಟ್ಟುಕೊಂಡು, ಘಟ್ಟದ ಬುಡದ ಕಾಡುಗಳಲ್ಲಿಯೂ ಹೊಳೆಯ ದಂಡೆಗಳಲ್ಲಿಯೂ ತೋಟದ ಅಂಚುಗಳಲ್ಲಿಯೂ ಬೆಳೆಯುವುದು. ತುಳುನಾಡಿನಲ್ಲಿ ಇದಕ್ಕೆ ಪುನರ್ಪುಳಿ ಎಂದು ಹೆಸರು. ಹಳಗನ್ನಡದ ‘ಪುಳಿ’ಯು ನಮ್ಮ ಬಾಯಲ್ಲಿ ‘ಹುಳಿ’ಯಾದರೂ ಈ ಹಣ್ಣಿನ ಹೆಸರಿನಲ್ಲಿ ಹಾಗೆಯೇ ಉಳಿದಿರುವುದು. ಉತ್ತರ ಕನ್ನಡದವರು ಮುರುಗಲು ಎನ್ನುವರು. ಕೊಂಕಣಿಯವರು ಬಿರಿಂಡ ಎನ್ನುವರು. ಮರಾಠಿಯವರು ಕೋಕಂ ಎನ್ನುವರು. ವೈದ್ಯಗ್ರಂಥಗಳಲ್ಲಿ ಇದು ವೃಕ್ಷಾಮ್ಲ. ಸಸ್ಯಶಾಸ್ತ್ರಜ್ಞರು ಇದನ್ನು ಗಾರ್ಸಿನಿಯಾ ಇಂಡಿಕಾ ಎಂದು ಕರೆಯುವರು. ೧೫೬೩ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತನೆಂಬ ಪೋರ್ಚುಗೀಸ್ ವೈದ್ಯನ ಗ್ರಂಥದಲ್ಲಿಯೂ ಈ ಹಣ್ಣಿನ ಪ್ರಸ್ತಾಪವುಂಟು.

ಇನ್ನು ಇದರ ಗುಣವನ್ನು ಕುರಿತು. ಹಣ್ಣಿನ ಸಾರವೆಲ್ಲವೂ ಸಿಪ್ಪೆಯಲ್ಲಿದೆ. ಅದರ ಕೆಂಪಿಗೆ ಕಾರಣವಾದ ವಸ್ತುವನ್ನು ಆಂಥೋಸಯನಿನ್ ಎನ್ನುವರು. ನೇರಳೆಹಣ್ಣಿನ ಬಣ್ಣವೂ ಇದೇ ಜಾತಿಯದು. ಹುಳಿಗೆ ಮುಖ್ಯ ಕಾರಣವು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಪುನರ್ಪುಳಿಯ ದಾಯಾದಿಯಾದ ಉಪ್ಪಾಗೆಯಲ್ಲಿಯೂ ಇದೇ ಪ್ರಧಾನವಾದ ಆಮ್ಲವೆಂಬುದನ್ನು ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ೧೯೬೫ರಲ್ಲಿ ಪ್ರಕಟಿಸಿದರು. ಆ ಬಳಿಕ ಈ ಆಮ್ಲವು ಬೊಜ್ಜನ್ನು ಕರಗಿಸುವುದೆಂಬ ಮಾತು ಹಬ್ಬಿ, ಪರದೇಶಗಳಲ್ಲಿ ಅದರ ಗುಳಿಗೆಗಳು ಮಾರಾಟಕ್ಕೆ ಬಂದುವು. ಆದರೆ ೧೯೯೮ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ೧೩೫ ಮಂದಿಯನ್ನು ಹನ್ನೆರಡು ವಾರಗಳ ಕಾಲ ನೋಡಿದಾಗ, ಗುಳಿಗೆಯನ್ನು ನುಂಗಿದವರಿಗೂ ಔಷಧವಿಲ್ಲದ ಬರಿಯ ಗುಳಿಗೆಯನ್ನು ನುಂಗಿದವರಿಗೂ ಹೇಳತಕ್ಕ ವ್ಯತ್ಯಾಸವು ಕಾಣಲಿಲ್ಲ. ಅಂಥ ಗುಳಿಗೆಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತು ಕೆಟ್ಟುದನ್ನೂ ವೈದ್ಯರು ದಾಖಲೆಮಾಡಿರುವರು. ಸಾರಿಗೆ ಹಾಕುವ ನಾಲ್ಕು ಸಿಪ್ಪೆಗೂ ಸಾರವನ್ನು ಬಟ್ಟಿಯಿಳಿಸಿದಂತೆ ಒಟ್ಟುಗೂಡಿಸಿದ ಗುಳಿಗೆಗೂ ಬಹಳ ಅಂತರವಿರುವುದೆಂಬುದನ್ನು ಗೃಹಸ್ಥರು ಮರೆಯಬಾರದು.

ಹಾಗಾದರೆ ಇದು ಪುಷ್ಟಿಕರವಾದ ಆಹಾರವೇ ಎಂದು ಕೇಳಿದರೆ, ಅಲ್ಲವೆಂದೇ ಹೇಳಬೇಕು. ಬಲವನ್ನು ಕೊಡುವುದು ಅನ್ನ, ಬೇಳೆ, ಹಾಲುಗಳ ಕೆಲಸ. ಸೆಕೆಯಿಂದ ಬಾಯಿ ಕೆಟ್ಟು ಊಟ ಸೇರದಿರುವಾಗ ಆ ಅನ್ನವನ್ನು ಸೇರುವಂತೆ ಮಾಡುವುದು, ಬೆವರಿ ಬಂದವರಿಗೆ ನೀರನ್ನೂ ಉಪ್ಪನ್ನೂ ಹಿತವಾಗಿ ಒಳಗಿಳಿಸುವುದು, ಇವು ಪುನರ್ಪುಳಿಯ ಕೆಲಸ. ಪಿತ್ತದ ಗಂಧೆಯೆದ್ದಾಗ ಇದರ ಸಿಪ್ಪೆಯ ರಸವನ್ನು ಮೈಗೆ ಸವರಿ, ಶರಬತ್ತನ್ನು ಕುಡಿಸುವ ರೂಢಿಯು ಕರಾವಳಿಯ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಗಂಧೆಯೊಂದಿಗೆ ಮುಖ ಬಾತು ಉಸಿರು ಕಟ್ಟುವಂತಾದರೆ ಮಾತ್ರ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಈಗ ಸಂಗ್ರಹದ ಕ್ರಮ. ಹಣ್ಣು ಮಾಗುವುದು ಏಪ್ರಿಲ್ ಕಡೆಯಿಂದ. ಜೂನ್ ಮೊದಲಲ್ಲಿ ಮಳೆ ಹಿಡಿಯಿತೆಂದರೆ ಕೆಲಸ ಮುಗಿಯಿತು. ಹೀಗೆ ಗೃಹಿಣಿಗೆ ದೊರೆಯುವುದು ಹೆಚ್ಚೆಂದರೆ ಆರು ವಾರದ ಬಿಸಿಲು. ಹಣ್ಣನ್ನು ತೊಳೆದು, ಒರೆಸಿ, ಎರಡು ಹೋಳು ಮಾಡಿ, ತಿರುಳನ್ನೂ ಬೀಜವನ್ನೂ ಒಂದು ಪಾತ್ರೆಗೆ ತೆಗೆದು, ಸಿಪ್ಪೆಯನ್ನು ಚಾಪೆಯ ಮೇಲೆ ಒಣಗಿಸಬೇಕು. ತಿರುಳನ್ನು ಹಿಂಡಿ ತೆಗೆದ ರಸಕ್ಕೆ ಅದರ ತೂಕದ ಹತ್ತರಲ್ಲೊಂದು ಪಾಲು ಉಪ್ಪನ್ನು ಬೆರಸಿ, ದಿನವೂ ಸಂಜೆ ಸಿಪ್ಪೆಯನ್ನು ಆ ರಸದಲ್ಲಿ ಅದ್ದಿಟ್ಟು, ಮರುದಿನ ಬಿಸಿಲಿಗೆ ಹಾಕುವುದನ್ನು ಐದಾರು ದಿನ ಮಾಡಿದರೆ ಸಿಪ್ಪೆಯು ಕಪ್ಪಾಗಿ, ಮೆತುವಾಗಿ, ವರ್ಷವೆಲ್ಲ ಕೆಡದೆ ಉಳಿಯುವುದು. ಉಪ್ಪಿಲ್ಲದೆ ಒಣಗಿಸುವವರು ಸಿಪ್ಪೆಯು ಮುರಿಯುವಷ್ಟು ಗರಿಗರಿಯಾಗುವವರೆಗೆ ಒಣಗಿಸಬೇಕು; ಇಲ್ಲವಾದರೆ ಆಷಾಢದ ಥಂಡಿಗೆ ಬೂಸಲು ಬರುವುದು. ಚೀನೀ ಭರಣಿಯಲ್ಲಾಗಲಿ ಗಾಜಿನ ಸೀಸೆಯಲ್ಲಾಗಲಿ ತುಂಬಿ, ಬೆಳಕು ಬೀಳದ ಕಡೆ ಇಡತಕ್ಕದ್ದು. ಕಬ್ಬಿಣ, ಕಲಾಯಿಯಿಲ್ಲದ ತಾಮ್ರ ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳು ಈ ಹುಳಿಗೆ ಸಲ್ಲವು.

ಶರಬತ್ತಿನ ಪಾಕಕ್ಕೆ ಹಸಿ ಸಿಪ್ಪೆಯೇ ಶ್ರೇಷ್ಠ. ಸಿಪ್ಪೆಯ ತೂಕದ ಎರಡರಷ್ಟು ಸಕ್ಕರೆಯನ್ನು ತೆಗೆದುಕೊಂಡು, ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆಯಂತೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ವಾರದ ಕಾಲ ದಿನಕ್ಕೊಮ್ಮೆ ಕಲಕುತ್ತಿದ್ದರೆ, ಒಲೆಯ ಸಹಾಯವಿಲ್ಲದೆಯೇ ಪಾಕವು ಕೆಂಪಗೆ ಬಿಡುವುದು. ಸೋಸಿ ತುಂಬಿಡಿ. ಒಂದು ಪಾಲು ಪಾಕಕ್ಕೆ ಐದು ಪಾಲು ನೀರು, ಚಿಟಿಕೆ ಉಪ್ಪು, ಹುರಿದು ಪುಡಿಮಾಡಿದ ಜೀರಿಗೆ ಇಷ್ಟು ಸಾಕು. ಇಂಥ ಒಂದು ಲೋಟದಲ್ಲಿ ನಾಲ್ಕೈದು ಚಮಚ ಸಕ್ಕರೆಯಿರುವುದೆಂಬುದನ್ನು ತಾಯಂದಿರು ನೆನಪಿನಲ್ಲಿಡಬೇಕು. ಮಧುಮೇಹವಿರುವವರು ಒಣಸಿಪ್ಪೆಯನ್ನು ನೀರಿನಲ್ಲಿ ನೆನೆಸಿ, ಸಕ್ಕರೆಯಿಲ್ಲದೆ, ಉಪ್ಪು ಜೀರಿಗೆಗಳೊಂದಿಗೆ ಕುಡಿಯಲಿ. ರಕ್ತದೊತ್ತಡವಿರುವವರು ಉಪ್ಪು ಹಾಕದ ಸಿಪ್ಪೆಯನ್ನೇ ಬಳಸಲಿ.

ಸಾರಿಗೆ ಹತ್ತು ಹೋಳು ಒಣಸಿಪ್ಪೆಯನ್ನು ಎರಡು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ನಿಂಬೆಗಾತ್ರದ ಬೆಲ್ಲ, ಸೀಳಿದ ಹಸಿಮೆಣಸು, ರುಚಿಗೆ ಬೇಕಾದಷ್ಟು ಉಪ್ಪನ್ನು ಹಾಕಿ ಒಂದು ಕುದಿ ಬರಿಸಬೇಕು. ತೆಂಗಿನೆಣ್ಣೆಯಲ್ಲಾಗಲಿ ತುಪ್ಪದಲ್ಲಾಗಲಿ ಸಾಸಿವೆ, ಜೀರಿಗೆ, ಒಣಮೆಣಸು, ಕರಿಬೇವುಗಳ ಒಗ್ಗರಣೆ ಕೊಟ್ಟರೆ ಕುಚ್ಚಲಕ್ಕಿಯ ಅನ್ನಕ್ಕೆ ಇದಕ್ಕಿಂತ ಹಗುರವಾದ ಸಾರು ಬೇರಿಲ್ಲ. ಬಹಳ ಕುದಿಸಿದರೆ ಬಣ್ಣ ಮಾಸುವುದು. ತಂಬುಳಿಗೆ ನೆನೆಸಿದ ಸಿಪ್ಪೆಯ ರಸಕ್ಕೆ ಕಾಯಿತುರಿ, ಜೀರಿಗೆ, ಹಸಿಮೆಣಸನ್ನು ನುಣ್ಣಗೆ ಅರೆದು ಬೆರಸಿದರಾಯಿತು, ಇದನ್ನು ಒಲೆಗೇರಿಸಬಾರದು. ಕೊಂಕಣಿಯವರು ತೆಂಗಿನ ಹಾಲಿಗೆ ಈ ರಸವನ್ನು ಸೇರಿಸಿ ಮಾಡುವ ಸೋಲ್‌ಕಢಿಯೂ ಕಾಸಿದರೆ ಒಡೆದುಹೋಗುವುದು. ಅವರ ಮನೆಗಳಲ್ಲಿ ಮೀನಿನ ಅಡಿಗೆಗೂ ಹುಣಿಸೆಯ ಬದಲಿಗೆ ಈ ಸಿಪ್ಪೆಯನ್ನು ಹಾಕುವುದುಂಟು.

ಬೀಜವನ್ನೂ ಬಿಸಾಡಬೇಕಾದುದಿಲ್ಲ. ಅದರ ತೂಕದಲ್ಲಿ ಹೆಚ್ಚುಕಡಮೆ ಕಾಲುಭಾಗ ಕೊಬ್ಬಿರುವುದು. ಒಣಗಿದ ಬೀಜವನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದುದನ್ನು ತೆಗೆದು ಆರಿಸಿದರೆ ಬಿಳಿಯ ಗಟ್ಟಿಯಾದ ತುಪ್ಪವು ದೊರೆಯುವುದು. ಉತ್ತರ ಕನ್ನಡದಲ್ಲಿ ಇದನ್ನು ಮುರುಗಲ ತುಪ್ಪವೆಂದು ಕರೆದು, ಒಡೆದ ಹಿಮ್ಮಡಿಗೂ ಬಿರಿದ ತುಟಿಗೂ ಹಚ್ಚುವರು, ಅಡಿಗೆಗೂ ಬಳಸುವರು. ಯುರೋಪಿನ ಒಕ್ಕೂಟವು ೨೦೦೦ದಲ್ಲಿ ಚಾಕೊಲೇಟಿಗೆ ಶೇಕಡ ೫ರವರೆಗೆ ಸೇರಿಸಬಹುದೆಂದು ಒಪ್ಪಿದ ಆರು ಸಸ್ಯದ ಕೊಬ್ಬುಗಳಲ್ಲಿ ಇದೂ ಒಂದು. ನಮ್ಮ ಹಿತ್ತಿಲಲ್ಲಿ ಇರುವೆಗಳ ಪಾಲಾಗುತ್ತಿರುವ ಬೀಜಕ್ಕೆ ಅಲ್ಲಿ ಅಷ್ಟು ಮರ್ಯಾದೆಯುಂಟು.

ಅಂಗಡಿಯ ಸೀಸೆಯನ್ನು ಕೊಳ್ಳಲೇಬೇಕಾದವರು ಅದರ ಮೇಲಿನ ಚೀಟಿಯನ್ನು ಓದಿ, ಹಣ್ಣಿನ ಅಂಶವೆಷ್ಟು, ಕೃತಕ ಬಣ್ಣವುಂಟೇ ಎಂಬುದನ್ನು ನೋಡಿಕೊಳ್ಳಲಿ. ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಒಂದು ಚಮಚ ಶರಬತ್ತಿಗೆ ನೊರೆ ನಿಲ್ಲುವವರೆಗೆ ಅಡಿಗೆ ಸೋಡವನ್ನು ಸೇರಿಸಿದರೆ, ಹಣ್ಣಿನ ಸಹಜವಾದ ಕೆಂಪು ಮಾಸಿ ಕಪ್ಪುನೀಲಿಯ ಕಡೆಗೆ ತಿರುಗುವುದು. ಕೃತಕವಾದ ಕೆಂಪು ಬಹುಮಟ್ಟಿಗೆ ಇದ್ದ ಹಾಗೆಯೇ ಇರುವುದು. ಪರೀಕ್ಷಿಸಿದುದನ್ನು ಚೆಲ್ಲಿಬಿಡಿ. ಆ ದಿನ ಅಜ್ಜಿಯ ಮುಂದೆ ನಾವು ಇದನ್ನು ಮಾಡಿ ನೋಡಿದಾಗ ಸೀಸೆಯ ಶರಬತ್ತು ಕೆಂಪಾಗಿಯೇ ಉಳಿಯಿತು. ಹಿತ್ತಿಲಿನಿಂದ ಆಯ್ದು ತಂದ ಹಣ್ಣಿನ ರಸವು ಕ್ಷಣದಲ್ಲಿ ಬಣ್ಣಗೆಟ್ಟಿತು. ಸೊಸೆಯು ಏನೂ ಹೇಳದೆ ಸೀಸೆಯನ್ನು ತಿರುಗಿಸಿ ಚೀಟಿಯನ್ನು ಓದತೊಡಗಿದಳು.

ಮರವಿಲ್ಲದವರು ನೆಡುವುದಾದರೆ ಒಂದು ಸಂಗತಿಯನ್ನು ತಿಳಿದಿರಬೇಕು. ಈ ಜಾತಿಯಲ್ಲಿ ಗಂಡುಮರ ಹೆಣ್ಣುಮರಗಳು ಬೇರೆ. ಬೀಜದಿಂದೆದ್ದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗಿ, ಏಳೆಂಟು ವರ್ಷ ಸಾಕಿದ ಮೇಲೆ ಹಣ್ಣೇ ಇಲ್ಲವೆಂದು ತಿಳಿಯುವುದು. ಆದುದರಿಂದ ಒಳ್ಳೆಯ ಹೆಣ್ಣುಮರದ ಕಸಿಸಸಿಯನ್ನೇ ತರತಕ್ಕದ್ದು. ಕಾಡಿನ ಮರದಿಂದ ಕೊಯ್ಯುವವರಿಗೂ ಒಂದು ಮಾತು. ರಕ್ಷಿತಾರಣ್ಯದಲ್ಲಿ ಅಪ್ಪಣೆಯಿಲ್ಲದೆ ಕೊಯ್ಯಕೂಡದು. ಎಲ್ಲಿಯೇ ಆಗಲಿ ಕೊಂಬೆಯನ್ನು ಕಡಿಯಕೂಡದು. ಪರದೇಶದ ಗುಳಿಗೆಗಳಿಗಾಗಿ ಉಪ್ಪಾಗೆಗೆ ಬೆಲೆ ಬಂದಾಗ ಉತ್ತರ ಕನ್ನಡದ ಕಾಡುಗಳಲ್ಲಿ ಬಲಿಯದ ಕಾಯನ್ನು ಕೊಂಬೆಸಹಿತ ಕೆಡವಿದುದುಂಟು. ಕೋತಿಗಳೂ ಹಕ್ಕಿಗಳೂ ತಿಂದು ಬೀಜವನ್ನು ಹರಡಿದರೆ ತಾನೆ ಕಾಡಿನಲ್ಲಿ ಮುಂದಿನ ಮರ?

ಕೊನೆಗೆ, ಆ ಸೊಸೆಯ ಪ್ರಶ್ನೆಗೆ ನಾವು ಉತ್ತರ ಕೊಡಬೇಕು. ಮರದ ಹಣ್ಣನ್ನೆಲ್ಲ ಬಿಡಿಸಿರೆಂದು ನಾವು ಹೇಳುವುದಿಲ್ಲ. ಇನ್ನೂರು ಹಣ್ಣು ಸಾಕು. ಅದಕ್ಕೆ ನಾನೂರು ಹೋಳು. ಹತ್ತು ಹೋಳಿಗೆ ಒಂದು ಹೊತ್ತಿನ ಸಾರಿನಂತೆ ನಲವತ್ತು ಹೊತ್ತಿನ ಸಾರು. ೨೦೧೯ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಚಾರ್ಮಾಡಿಯ ದಾರಿ ಮುಚ್ಚಿ, ಘಾಟಿಯ ಬುಡದ ಊರುಗಳಿಗೆ ನೆರೆ ನುಗ್ಗಿದುದನ್ನು ಬಲ್ಲವರಿಗೆ, ಮಳೆಗಾಲದಲ್ಲಿ ಭರಣಿಯೊಳಗಿನ ನಲವತ್ತು ಸಾರಿನ ಬೆಲೆಯನ್ನು ನಾವು ವಿವರಿಸಬೇಕಾದುದಿಲ್ಲ. ಇನ್ನೂರು ಹಣ್ಣನ್ನು ಒಬ್ಬಳೇ ಬಿಡಿಸಿದರೆ ಕೈ ಉರಿಯುವುದು ಸಹಜ. ಮನೆಯ ಗಂಡಸರೂ ರಜೆಯಲ್ಲಿರುವ ಮಕ್ಕಳೂ ಅಂಗೈಗೆ ತೆಂಗಿನೆಣ್ಣೆ ಸವರಿಕೊಂಡು ಸುತ್ತ ಕುಳಿತರೆ ಒಂದು ಸಂಜೆಯ ಮಾತುಕತೆಯೊಳಗೆ ಮುಗಿಯುವುದು. ಅಜ್ಜಿಯ ಶರಬತ್ತನ್ನು ಹೊಗಳಿ ಕುಡಿಯುವ ಗಂಡಸರು ಒಂದು ಹಣ್ಣನ್ನಾದರೂ ಬಿಡಿಸದಿರುವುದು ನ್ಯಾಯವಲ್ಲವೆಂದು ನಾವು ಆ ಮನೆಯ ಯಜಮಾನರಿಗೆ ಎದುರಿಗೇ ಹೇಳಿದೆವು. ಅವರು ನಕ್ಕು, ಬುಟ್ಟಿಯನ್ನು ಹುಡುಕಲು ಎದ್ದರು.

ಬೇರೆ ಬೇರೆ ಊರುಗಳಲ್ಲಿ ಪುನರ್ಪುಳಿಯನ್ನು ಬಳಸುವ ಕ್ರಮಗಳು ಇನ್ನೂ ಹಲವಿರಬಹುದು. ಬಿಳಿಯ ಪುನರ್ಪುಳಿಯನ್ನು ಬೆಳೆಸಿರುವ ಶಿರಸಿ ಸಿದ್ದಾಪುರದ ಕಡೆಯ ವಾಚಕರು ತಮ್ಮ ಮನೆಯ ಪದ್ಧತಿಯನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುವೆವು.